ಗೃಹನಾಮವೂ ಗೃಹಚರಿತ್ರೆಯೂ

ಮನೆಯ ಹೆಸರನ್ನೇ ಪ್ರಮಾಣವಾಗಿ ಹಿಡಿದು ಅದರ ಚರಿತ್ರೆಯನ್ನು ಬರೆಯುವ ಪದ್ಧತಿಯು ಸಾಧುವಲ್ಲ. ಅಮೆರಿಕಾ ದೇಶದ ಕಡಲತಡಿಯ ವಿಹಾರಸ್ಥಾನವಾದ ನ್ಯೂಪೋರ್ಟಿನಲ್ಲಿರುವ ‘ಕಿಂಗ್ಸ್‌ಕೋಟ್’ ಎಂಬ ಗೃಹವೇ ಇದಕ್ಕೆ ನಿದರ್ಶನ. ಹೆಸರು ಕಿಂಗ್ ಮನೆತನದ್ದು; ಕಟ್ಟಿಸಿದವನಾದರೋ ಜಾರ್ಜಿಯಾ ಪ್ರಾಂತದವನೂ ಹತ್ತಿಯ ತೋಟಗಳ ಒಡೆಯನೂ ಆದ ಜಾರ್ಜ್ ನೋಬಲ್ ಜೋನ್ಸನು. 1839ರಲ್ಲಿ ರಿಚರ್ಡ್ ಅಪ್‌ಜಾನನೆಂಬ ಸ್ಥಪತಿಯು ಇದರ ವಿನ್ಯಾಸವನ್ನು ಮಾಡಿದನು. 1861ರಲ್ಲಿ ಅಂತರ್ಯುದ್ಧವು ತೊಡಗಲು ಜೋನ್ಸನು ಊರನ್ನು ಬಿಟ್ಟನು. ಬಳಿಕ ಮನೆಯು ಕಿಂಗ್ ಮನೆತನಕ್ಕೆ ಸೇರಿತು. 1881ರಲ್ಲಿ ಭೋಜನಶಾಲೆಯು ಕೂಡಿತು. 1972ರಲ್ಲಿ ಗೃಹವು ಸಂರಕ್ಷಣ ಸಂಘದ ವಶವಾಯಿತು. ಕಿಂಗ್ ಮನೆತನದಿಂದಲೇ ತೊಡಗುವ ಚರಿತ್ರೆಯು ಜೋನ್ಸನೊಡನೆ, ಅವನ ತೋಟಗಳಲ್ಲಿ ದುಡಿದ ದಾಸಜನರನ್ನೂ ಮರೆಯಿಸುತ್ತದೆ. ನಾಮವು ರೂಢಿಯನ್ನು ಹೇಳೀತು. ಉತ್ಪತ್ತಿಯನ್ನು ಪತ್ರಗಳೇ ಹೇಳಬೇಕು.