ಪುಟ್ಟ ಪ್ರತಿಮೆಯ ಕಾಲಡಿಯ ಹುಲ್ಲು

ಮೇಜಿನ ಮೇಲಿನ ಯುದ್ಧದಾಟಗಳಿಗಾಗಿ ಸುಮಾರು 28ರಿಂದ 32 ಮಿಲಿಮೀಟರ್ ಎತ್ತರಕ್ಕೆ ತಯಾರಾಗುವ ಪ್ರತಿಮೆಗಳಲ್ಲಿ ನೋಡುಗರ ಕಣ್ಣು ಮೊದಲು ಮುಖ ಮತ್ತು ಆಯುಧಗಳ ಮೇಲೆ ನಿಲ್ಲುವುದು ಸಹಜವಾದರೂ, ಆ ಯೋಧ ಯಾವ ಸೀಮೆಯಲ್ಲಿ, ಯಾವ ಋತುವಿನಲ್ಲಿ ನಿಂತಿದ್ದಾನೆ ಎಂಬುದನ್ನು ತಿಳಿಸುವುದು ಅವನ ಕಾಲಡಿಯ ಬಿಲ್ಲೆ, ಅಂದರೆ ಬೇಸ್. ಸಿಯಾಟಲ್ ಪ್ರದೇಶದ ಪ್ರೈವೇಟೀರ್ ಪ್ರೆಸ್ ಸಂಸ್ಥೆ 2003ರಲ್ಲಿ ಹೊರತಂದ ‘ವಾರ್‌ಮಷೀನ್’ ಆಟದ ದುಂಡನೆಯ ಬೇಸ್‌ಗಳಿಗೆ ತುಸು ಎತ್ತರದ ಅಂಚಿದ್ದು, ಆ ಅಂಚಿನೊಳಗಿನ ತಗ್ಗು ಮಣ್ಣು, ಅಂಟು, ಹುಲ್ಲುಗಳನ್ನು ತುಂಬಲು ಹೇಳಿ ಮಾಡಿಸಿದಂತಿತ್ತು.

ಈ ಹುಲ್ಲಿಗೆ ಬಳಸುವ ‘ಸ್ಟ್ಯಾಟಿಕ್ ಗ್ರಾಸ್’ ಎಂಬುದು ಸಾಮಾನ್ಯವಾಗಿ ನೈಲಾನ್‌ನಿಂದ ಮಾಡಿದ, 2ರಿಂದ 12 ಮಿಲಿಮೀಟರ್ ಉದ್ದದ ಸಣ್ಣ ಎಳೆಗಳ ರಾಶಿ. ಕೈಯಿಂದ ಉದುರಿಸಿದರೆ ಎಳೆಗಳು ಅಡ್ಡಡ್ಡ ಬಿದ್ದು ಕತ್ತರಿಸಿದ ಕೂದಲಿನಂತೆ ಕಾಣುತ್ತವೆ. ಆದ್ದರಿಂದ ಜರಡಿಯುಳ್ಳ ಒಂದು ಉಪಕರಣದಲ್ಲಿ ಅವುಗಳನ್ನು ತುಂಬಿ, ಅದರಿಂದ ಹೊರಟ ತಂತಿಯನ್ನು ಹಸಿ ಅಂಟಿಗೆ ತಾಗಿಸಿ, ಜರಡಿಗೂ ಅಂಟಿಗೂ ನಡುವೆ ಅಧಿಕ ವೋಲ್ಟೇಜಿನ ವಿದ್ಯುತ್ ಕ್ಷೇತ್ರವನ್ನು ಏರ್ಪಡಿಸುತ್ತಾರೆ. ಆಗ ವಿದ್ಯುದಾವೇಶಗೊಂಡ ಎಳೆಗಳು ಕ್ಷೇತ್ರದ ದಿಕ್ಕಿಗೆ ತಿರುಗಿ ಹಾರಿ, ನೆಟ್ಟಗೆ ಅಂಟಿನಲ್ಲಿ ನಾಟಿಕೊಳ್ಳುತ್ತವೆ. ಬೇಸಿನ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯದಿದ್ದರೂ ನೀರು ಬೆರೆತ ಹಸಿ ಅಂಟಿನಲ್ಲಿ ಹರಿಯುವುದರಿಂದ, ಅಂಟು ಒಣಗುವ ಮುನ್ನವೇ ಕೆಲಸ ಮುಗಿಯಬೇಕು. ರಸಿಕನಾದವನು ಪ್ರತಿಮೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಬೆಳಕಿಗೆದುರಾಗಿ ನೋಡಿದರೆ, ಎಳೆಗಳು ಬೇರೂರಿ ನಿಂತಿವೆಯೋ ಬರಿದೆ ಮಲಗಿವೆಯೋ ಎಂಬುದು ಒಡನೆ ತಿಳಿಯುತ್ತದೆ.

ಅನಂತರ ನೋಡಬೇಕಾದದ್ದು ಉದ್ದ. 1:56 ಪ್ರಮಾಣದ ಪ್ರತಿಮೆಯ ಬಳಿ 2 ಮಿಲಿಮೀಟರ್ ಎಳೆ ಸುಮಾರು 11 ಸೆಂಟಿಮೀಟರ್ ಹುಲ್ಲಾಗುತ್ತದೆ, 12 ಮಿಲಿಮೀಟರಿನದು 67 ಸೆಂಟಿಮೀಟರಿನಷ್ಟಾಗಿ ಯೋಧನ ಮೊಣಕಾಲನ್ನೂ ಮೀರುತ್ತದೆ.

ಆದರೆ ಈ ಕಲೆಯ ನಿಜವಾದ ಸತ್ವವಿರುವುದು ಸೀಮೆಯ ಅರಿವಿನಲ್ಲಿ, ಮತ್ತು ಇದನ್ನು ಕಲಿಯಲು ಸಿಯಾಟಲ್ ಸುತ್ತಲಿನ ನೆಲಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಪಶ್ಚಿಮ ಘಟ್ಟಗಳು ಕರಾವಳಿಯನ್ನೂ ಬಯಲುಸೀಮೆಯನ್ನೂ ಬೇರ್ಪಡಿಸುವಂತೆ ಇಲ್ಲಿ ಕ್ಯಾಸ್ಕೇಡ್ ಪರ್ವತಶ್ರೇಣಿ ಮಳೆಯನ್ನು ಪಶ್ಚಿಮದಲ್ಲೇ ತಡೆಯುವುದರಿಂದ, ಈಚೆ ಪಾಚಿಯ ಕಡುಹಸಿರು, ಆಚೆ ಎಲೆನ್ಸ್‌ಬರ್ಗ್ ಕಡೆಗೆ ಒಣಹುಲ್ಲಿನ ಹೊಂಬಣ್ಣ ಮತ್ತು ಸೇಜ್‌ಬ್ರಷ್ ಪೊದೆಗಳ ಬೂದುಹಸಿರು. ಮಳೆಯೂರೆಂದು ಹೆಸರಾದ ಸಿಯಾಟಲ್ಲಿನಲ್ಲೂ ಬೇಸಿಗೆ ಶುಷ್ಕವಾಗಿರುವುದರಿಂದ, ನೀರುಣಿಸದ ಹುಲ್ಲುಹಾಸು ಚಳಿಗಾಲದಲ್ಲಿ ಹಸಿರಾಗಿದ್ದು ಆಗಸ್ಟಿನಲ್ಲಿ ಕಂದುತ್ತದೆ. ಬೇಸಿಗೆಯೆಂದರೆ ಹಸಿರು ಎಂದು ಕಣ್ಣುಮುಚ್ಚಿ ಒಂದೇ ಬಣ್ಣ ಉದುರಿಸಿದವರ ಬೇಸು ಈ ನೆಲದ್ದೆಂದು ಒಪ್ಪಿಕೊಳ್ಳಲಾಗದು.

ಒಲಿಂಪಿಯಾ ನಗರದ ದಕ್ಷಿಣಕ್ಕಿರುವ ಮೈಮಾ ದಿಬ್ಬಗಳ ಹುಲ್ಲುಗಾವಲು ಇನ್ನೂ ಸೂಕ್ಷ್ಮವಾದ ಮಾದರಿ. ಅಂಥ ಹುಲ್ಲುಗಾವಲುಗಳನ್ನು ಸೇಲಿಷ್ ಮೂಲನಿವಾಸಿಗಳು ಬೆಂಕಿಯಿಟ್ಟು ಮರಗಳಿಂದ ಕಾಪಾಡಿಕೊಂಡು, ಕ್ಯಾಮಸ್ ಗಿಡದ ಗೆಡ್ಡೆಗಳನ್ನು ಅಗೆದು ಉಣ್ಣುತ್ತಿದ್ದರು. ಅಲ್ಲಿನ ರೋಮರ್ ಫೆಸ್ಕ್ಯೂ ಎಂಬ ಹುಲ್ಲು ಹಾಸಿನಂತೆ ಹರಡದೆ ಬುಡಬುಡವಾಗಿ ಬೆಳೆಯುವುದರಿಂದ, ಬುಡಗಳ ನಡುವೆ ಪಾಚಿಯೂ ಬರಿನೆಲವೂ ಇಣುಕುತ್ತವೆ. ಇದನ್ನು ಅರಿತವರು ಅಂಟನ್ನು ಬಿಡಿಬಿಡಿ ಚುಕ್ಕೆಗಳಾಗಿಟ್ಟು, ಬೂದುಹಸಿರಿನ ಜೊತೆಗೆ ಒಣಹುಲ್ಲಿನ ಬಣ್ಣದ ಎಳೆಗಳನ್ನು ಬೆರೆಸಿ, ವಸಂತವಾದರೆ ಕ್ಯಾಮಸ್‌ನ ನೀಲಿಯನ್ನು ಎರಡು ಮೂರು ಕಡೆ ಮಾತ್ರ ತೋರಿಸುತ್ತಾರೆ. ಖಾಲಿ ಬಿಟ್ಟ ಮಣ್ಣು ಇಲ್ಲಿ ಹುಲ್ಲಿನಷ್ಟೇ ಮುಖ್ಯ.

ಪಾದ ನೆಲಕ್ಕೆ ತಾಗುವ ಜಾಗವನ್ನೂ ಬಿಡದೆ ನೋಡಬೇಕು: ಎಳೆಗಳು ಪಾದದ ಅಂಚನ್ನು ಒಂದಿಷ್ಟು ಮರೆಮಾಡಿ, ಹಿಮ್ಮಡಿಯ ಹಿಂದೆ ತುಸು ಬಾಗಿದ್ದರೆ ಯೋಧನಿಗೆ ತೂಕ ಬರುತ್ತದೆ; ಪಾದದ ಸುತ್ತ ಬೋಳು ವರ್ತುಲ ಉಳಿದರೆ ಅವನು ತೇಲಿದಂತಾಗುತ್ತಾನೆ.

ಕಣ್ಣು ಇಷ್ಟು ಪಳಗಿದವರು ಟಕೋಮಾದ ವಾಷಿಂಗ್ಟನ್ ರಾಜ್ಯ ಇತಿಹಾಸ ಸಂಗ್ರಹಾಲಯದಲ್ಲಿ 1950ರ ದಶಕದ ರೈಲುಮಾರ್ಗಗಳನ್ನು 1:87 ಪ್ರಮಾಣದಲ್ಲಿ ಮರುಸೃಷ್ಟಿಸಿದ ಮಾದರಿಯನ್ನು ಅವಶ್ಯವಾಗಿ ನೋಡಬೇಕು. ಆ ಪ್ರಮಾಣದಲ್ಲಿ 2 ಮಿಲಿಮೀಟರ್ ಎಳೆಯೇ 17 ಸೆಂಟಿಮೀಟರ್ ಹುಲ್ಲಾಗುವುದರಿಂದ, ಯೋಧನ ಬೇಸ್‌ಗೆ ಹೊಂದುವ ಉದ್ದ ರೈಲುಹಳಿಯ ಬದಿಗೆ ಹೊಂದುವುದಿಲ್ಲ.