ಕೈ ಬಿಡುವ ವಿದ್ಯೆ

ಕೈಟ್‌ಸರ್ಫಿಂಗ್ ಕಲಿಯಲು ಹೋದವರಿಗೆ ಹಳಬರು ಕೊಡುವ ಉಪದೇಶವೆಲ್ಲ ಹೆಚ್ಚುಕಡಿಮೆ ನಗೆಹನಿಯ ರೂಪದಲ್ಲೇ ಇರುತ್ತದೆ. ಪಂಪಿನ ಕೊಕ್ಕೆಯನ್ನು ಪಟಕ್ಕೆ ಸಿಕ್ಕಿಸದೆ ಗಾಳಿ ತುಂಬಲು ನಿಂತವನು ಸಂಜೆ ಪಕ್ಕದೂರಿಗೆ ಪಟ ಕೇಳಿಕೊಂಡು ಹೋಗಬೇಕಾಗುತ್ತದೆ. ಲೈನಿನ ಸಿಕ್ಕು ಬಿಡಿಸುತ್ತಿರುವವನನ್ನು ಊಟಕ್ಕೆ ಕರೆಯಬಾರದು. ಹೆಬ್ಬೆರಳನ್ನು ಸುಮ್ಮಸುಮ್ಮನೆ ಎತ್ತಬಾರದು. ಇಂಥವು ಹತ್ತಾರು. ಕೇಳಿ ನಕ್ಕು ಮರೆಯುವ ಮಾತುಗಳಂತೆ ಕಂಡರೂ, ದಂಡೆಯ ಮೇಲೆ ಅಚ್ಚಾದ ಕೈಪಿಡಿಗಿಂತ ಹೆಚ್ಚು ಪಾಠ ಮಾಡುವುದು ಈ ಚಟಾಕಿಗಳೇ. ಹಾಗಾಗಿ ಇವನ್ನೂ ಒಂದು ಬೋಧನಾಕ್ರಮ ಎಂದೇ ಎಣಿಸಿ ವಿಮರ್ಶಿಸುವುದು ನ್ಯಾಯ. ನಾನು ಕೇಳುವ ಪ್ರಶ್ನೆ ಒಂದೇ: ಈ ಮಾತು ಹೊಸಬನಿಗೆ ಬಿಡುವುದನ್ನು ಕಲಿಸುತ್ತದೆಯೋ, ಹಿಡಿಯುವುದನ್ನು ಕಲಿಸುತ್ತದೆಯೋ?

ಈ ಪ್ರಶ್ನೆ ನನ್ನ ಹಟವಲ್ಲ, ಸಲಕರಣೆಯ ಚರಿತ್ರೆಯಿಂದಲೇ ಬಂದದ್ದು. ಫ್ರಾನ್ಸಿನ ಬ್ರಿಟನಿ ಕರಾವಳಿಯ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು ಗಾಳಿ ತುಂಬುವ ಕೊಳವೆಗಳಿರುವ ಪಟಕ್ಕೆ ಪೇಟೆಂಟ್ ಮಾಡಿಸಿದ್ದು 1984ರಲ್ಲಿ. ನೀರಿಗೆ ಬಿದ್ದರೂ ಮುಳುಗಬಾರದು, ಸವಾರ ನೀರಿನಲ್ಲಿದ್ದುಕೊಂಡೇ ಅದನ್ನು ಮತ್ತೆ ಎಬ್ಬಿಸುವಂತಿರಬೇಕು ಎಂಬುದು ಅವರ ಗುರಿ. 1997ರ ಹೊತ್ತಿಗೆ ಅದು ವಿಪಿಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಆ ಕಾಲದ ಎರಡು ಲೈನಿನ ಪಟದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಗಾಳಿ ಏರಿದರೆ ಎಳೆತವನ್ನು ತಗ್ಗಿಸುವ ದಾರಿ ಇರಲಿಲ್ಲ. ಎಳೆದತ್ತ ಹೋಗಬೇಕು, ಇಲ್ಲವೇ ಎಲ್ಲವನ್ನೂ ಕಳಚಿ ಬಿಡಬೇಕು. ಆಮೇಲೆ ನಾಲ್ಕು ಲೈನು ಬಂತು. 2005ರಲ್ಲಿ ಅದೇ ಬ್ರೂನೋನ ವಿನ್ಯಾಸದ ಬೋ ಕೈಟ್ ಬಂತು. ಅದರಲ್ಲಿ ಕೈಯಲ್ಲಿರುವ ಬಾರನ್ನು ದೂರಕ್ಕೆ ಬಿಟ್ಟರೆ ಸಾಕು, ಪಟ ಬಹುಪಾಲು ಸೊರಗಿ ಹೋಗುತ್ತದೆ. ಅಪಾಯದಲ್ಲಿ ಒಂದೇ ತಳ್ಳಿಗೆ ಪಟವನ್ನು ಕಳಚುವ ಕ್ವಿಕ್ ರಿಲೀಸಿಗೆ ಈಗ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ, 2020ರದು. ಅಂದರೆ ಜಾಣರು ಕೂತು ಇಷ್ಟು ವರ್ಷ ತಲೆ ಕೆಡಿಸಿಕೊಂಡದ್ದು ಮನುಷ್ಯ ಸುಲಭವಾಗಿ ಕೈ ಬಿಡುವುದು ಹೇಗೆ ಎಂಬುದಕ್ಕೇ.

ಆದರೆ ಮನುಷ್ಯನ ಕೈಗೆ ಆ ಚರಿತ್ರೆ ಗೊತ್ತಿಲ್ಲ. ಅದರಲ್ಲೂ ನಮ್ಮವರ ಕೈಗೆ. ಆಷಾಢದ ಗಾಳಿಯಲ್ಲಿ ಗಾಳಿಪಟ ಬಿಟ್ಟು ಬೆಳೆದವರಿಗೆ ಬೆರಳಲ್ಲೇ ಒಂದು ನಿಯಮ ಕೂತಿರುತ್ತದೆ: ದಾರ ಬಿಟ್ಟೆಯೋ, ಪಟ ಹೋಯಿತು. ಅದೇ ನೈರುತ್ಯ ಮಾರುತವನ್ನು ನಂಬಿ ರಾಮೇಶ್ವರಕ್ಕೆ ಹೋಗಿ ಕೈಟ್‌ಸರ್ಫಿಂಗ್ ಕಲಿಯುವ ಬೆಂಗಳೂರಿನವರು ಈಗ ಅಪರೂಪವಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗಾಳಿ ಇದೆ, ನಮ್ಮ ಕರಾವಳಿಯ ಜಡಿಮಳೆ ಇಲ್ಲ. ಆಳವಿಲ್ಲದ, ಅಲೆ ಏಳದ ನೀರಿನ ಹರಹೂ ಇದೆ. ಮೂಲ್ಕಿಯಲ್ಲಿ ಅಲೆಯೇರುವ ಸರ್ಫಿಂಗ್ ಬೇರೂರಿದರೂ ಪಟದ ಆಟ ಆ ಮಟ್ಟಿಗೆ ಬೆಳೆಯದಿರುವುದಕ್ಕೆ ಕಾರಣವನ್ನು ದೂರ ಹುಡುಕಬೇಕಿಲ್ಲ. ನಮ್ಮಲ್ಲಿ ಗಾಳಿ ಜೋರಾಗುವ ಜೂನ್-ಜುಲೈನಲ್ಲಿ ಯಾಂತ್ರೀಕೃತ ದೋಣಿಗಳೇ ಮೀನುಗಾರಿಕೆ ನಿಲ್ಲಿಸಿ ದಡ ಸೇರಿರುತ್ತವೆ. ಹೊಸಬ ಪಟ ಹಿಡಿದು ಇಳಿಯುವ ಕಡಲು ಅದಲ್ಲ.

ಹಾಗೆ ಹೋದ ಇಬ್ಬರು ಗೆಳೆಯರನ್ನು ಊಹಿಸಿಕೊಳ್ಳಿ. ಒಬ್ಬ ಸೊಂಟಕ್ಕೆ ಹಾರ್ನೆಸ್ ಕಟ್ಟಿ, ಅದರ ಕೊಕ್ಕೆಗೆ ಬಾರಿನ ಕೆಳಗಿರುವ ಚಿಕನ್ ಲೂಪ್ ಎಂಬ ಕುಣಿಕೆಯನ್ನು ಸಿಕ್ಕಿಸಿ, ಬಾರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಪಟ ತಲೆಯ ಮೇಲಿದೆ. ಗಾಳಿಯ ಒಂದು ಹೊಡೆತ ಬಂತು. ಅವನು ಹೆದರಿ ಬಾರನ್ನು ಎದೆಗೆ ಎಳೆದುಕೊಂಡ. ಬಾರ್ ಹತ್ತಿರ ಬಂದಷ್ಟೂ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಹೆದರಿಕೆ ಹೆಚ್ಚು, ಹೆದರಿದಷ್ಟೂ ಬಾರ್ ಇನ್ನೂ ಹತ್ತಿರ. ಮರಳಲ್ಲಿ ಹಿಮ್ಮಡಿಯೂರಿ ಜಾರುತ್ತಿದ್ದಾನೆ.

"ಲೋ, ಬಾರ್ ಬಿಡೋ!"

"ಬಿಟ್ರೆ ಪಟ ಹೋಗುತ್ತಲ್ಲೋ!"

"ಎಲ್ಲಿಗೂ ಹೋಗಲ್ಲ ಮಾರಾಯ, ನಿನಗೇ ಕಟ್ಟಿದೆ!"

ನಾನು ತೂಗಿ ನೋಡಿದ ಮಾತುಗಳಲ್ಲಿ ಈ ಕೊನೆಯದಕ್ಕೆ ಪೂರ್ತಿ ಅಂಕ. ಅದರಲ್ಲಿ ಸಲಕರಣೆಯ ಇಡೀ ರಚನೆ ಅಡಗಿದೆ. ಭಾರವನ್ನು ಹೊರುವುದು ಸೊಂಟ. ಕೈಯ ಕೆಲಸ ಪಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು, ಎಳೆತವನ್ನು ಏರಿಸಿ ಇಳಿಸುವುದು, ಅಷ್ಟೇ. ಬಾರ್ ಬಿಟ್ಟರೆ ಅದು ಮೇಲಕ್ಕೆ ಜಾರಿ ನಿಲ್ಲುತ್ತದೆ, ಪಟದ ಶಕ್ತಿ ಇಳಿಯುತ್ತದೆ, ಪಟ ಮಾತ್ರ ಸೊಂಟಕ್ಕೇ ಕಟ್ಟಿಕೊಂಡಿರುತ್ತದೆ. ಅದೂ ಸಾಲದಿದ್ದರೆ ಕ್ವಿಕ್ ರಿಲೀಸ್ ತಳ್ಳಿದಾಗ ಪಟ ಒಂದೇ ಲೈನಿನ ಮೇಲೆ ಲೀಶ್ ಎಂಬ ಸುರಕ್ಷತಾ ಹಗ್ಗಕ್ಕೆ ನೇತುಬಿದ್ದು ಬಟ್ಟೆಯಂತಾಗುತ್ತದೆ. ಲೀಶನ್ನೂ ಕಳಚಬಹುದು, ಆಗ ಮಾತ್ರ ಪಟ ನಿಜವಾಗಿ ಹೋಯಿತು. ಮೂರು ಮೆಟ್ಟಿಲು. ಇವನ್ನು ನೀರಿಗಿಳಿಯುವ ಮೊದಲೇ ಕಣ್ಣು ಮುಚ್ಚಿ ಕೈಗೆ ಅಭ್ಯಾಸ ಮಾಡಿಸಬೇಕು. ಸಲಹೆಗಳ ರಾಶಿಯಲ್ಲಿ ಇದು ಇದ್ದೇ ಇರುತ್ತದೆ, ಆದರೆ ತಮಾಷೆಯ ಲೇಪವಿಲ್ಲದ ಕಾರಣ ಯಾರಿಗೂ ನೆನಪಿರುವುದಿಲ್ಲ.

ಪಟದ ಎಳೆತವನ್ನು ಕಾಣದವರಿಗೆ ಒಂದು ಅಂದಾಜು ಕೊಡಬೇಕು. ಹೊಸಬರ ಕೈಗೆ ಸಾಮಾನ್ಯವಾಗಿ ಬರುವ 9 ಅಥವಾ 12 ಚದರ ಮೀಟರಿನ ಪಟವೆಂದರೆ ಒಂದು ಸಣ್ಣ ಕೋಣೆಯ ನೆಲದಷ್ಟು ಬಟ್ಟೆ. ಮದುವೆಮನೆಯ ಶಾಮಿಯಾನದ ಒಂದು ಕಂಬ ಕಿತ್ತು ಬಂದಾಗ ಹಗ್ಗ ಹಿಡಿಯಲು ಓಡಿದ ಸೋದರಮಾವಂದಿರನ್ನು ಕೇಳಿದರೆ ಉಳಿದದ್ದು ತಿಳಿಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. 10 ನಾಟಿನಲ್ಲಿ ಸೋಮಾರಿಯಾಗಿ ತೂಗುವ ಪಟ 20 ನಾಟಿನಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಗಾಳಿಯಲ್ಲಿ, ಬೇರೆಯೇ ಪ್ರಾಣಿ. ಈ ಲೆಕ್ಕ ಗೊತ್ತಿದ್ದವನಿಗೆ 'ದೊಡ್ಡದನ್ನೇ ತಗೊ, ಮುಂದೆ ಉಪಯೋಗಕ್ಕೆ ಬರುತ್ತೆ' ಎಂಬ ಸಲಹೆ ಕೇಳಿದರೆ ಮೈ ಜುಮ್ಮೆನ್ನಬೇಕು. ಮಕ್ಕಳ ಯೂನಿಫಾರಂ ಹೊಲಿಸುವಾಗ ಒಪ್ಪುವ ತರ್ಕ ಅದು.

ದಂಡೆಯ ಮೇಲಿನ ಸಲಹೆಗಳಲ್ಲಿ ನಗೆಯೂ ಉಪಯೋಗವೂ ಸರಿಯಾಗಿ ಬೆರೆತಿರುವುದು ಲೈನಿನ ವಿಷಯದಲ್ಲಿ. ಇಪ್ಪತ್ತು ಮೀಟರಿಗೂ ಮೇಲ್ಪಟ್ಟ ಉದ್ದದ ನಾಲ್ಕು ಸಪೂರ ಲೈನುಗಳು ಮರಳ ಮೇಲೆ ಹೆಣೆದುಕೊಂಡಾಗ ಹೊಸಬ ಏನು ಮಾಡುತ್ತಾನೆ? ಕಂಡ ಗಂಟಿಗೆ ಉಗುರು ಹಾಕುತ್ತಾನೆ, ತುದಿಯನ್ನು ಯಾವುದೋ ಕುಣಿಕೆಯೊಳಗೆ ತೂರಿಸುತ್ತಾನೆ. ಐದು ನಿಮಿಷದ ಸಿಕ್ಕು ಅರ್ಧ ಗಂಟೆಯದಾಗುತ್ತದೆ, ಗಾಳಿ ಇದ್ದ ಹೊತ್ತು ಮುಗಿಯುತ್ತದೆ. ಹಳಬರ ಕ್ರಮ ನೋಡಲು ಬಲು ನೀರಸ. ಬಾರಿನ ಹತ್ತಿರದಿಂದ ಶುರು ಮಾಡಿ, ಲೈನುಗಳನ್ನು ಬೆರಳುಗಳ ನಡುವೆ ಹರಿಯಬಿಟ್ಟುಕೊಂಡು ಪಟದ ಕಡೆಗೆ ನಡೆಯುತ್ತಾರೆ. ಸಿಕ್ಕು ಎದುರಾದರೆ ಕೊಡವಿ ಅಗಲಿಸುತ್ತಾರೆಯೇ ಹೊರತು ಬಿಗಿಯುವುದಿಲ್ಲ. ತುದಿ ಮುಟ್ಟುವ ಹೊತ್ತಿಗೆ ಹೆಚ್ಚಿನವು ತಾವಾಗಿಯೇ ಬಿಟ್ಟುಕೊಂಡಿರುತ್ತವೆ. ಇನ್ನೂ ಒಂದು ಮಾತು: ಲೈನನ್ನು ಬೆರಳಿಗೋ ಅಂಗೈಗೋ ಸುತ್ತಿಕೊಂಡು ಹಿಡಿಯಬಾರದು. ಪಟ ಗಾಳಿ ಹಿಡಿದರೆ ಆ ನೂಲು ಕತ್ತಿಯಾಗುತ್ತದೆ. ಮಾಂಜಾ ಕಂಡ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಎಡ-ಬಲ ಅದಲುಬದಲಾಗುವುದು ಇದರ ಮುಂದಿನ ಅಧ್ಯಾಯ. ಬಾರಿನ ಕೆಂಪು ತುದಿ ಎಡಗೈಗೆ ಎಂಬುದು ಬಹುತೇಕ ಎಲ್ಲ ಕಡೆ ನಡೆಯುವ ಪದ್ಧತಿ. ತಿರುವುಮುರುವಾಗಿ ಕಟ್ಟಿದ ಪಟ ಮೇಲೇಳುವುದೇನೋ ಏಳುತ್ತದೆ, ಆಮೇಲೆ ಎಡಕ್ಕೆ ಎಂದರೆ ಬಲಕ್ಕೆ ತಿರುಗುತ್ತದೆ, ಸವಾರ ಸರಿಪಡಿಸಲು ಹೋದಷ್ಟೂ ಗಿರಕಿ ಹೊಡೆದು ನೆಲಕ್ಕೆ ಅಪ್ಪಳಿಸುತ್ತದೆ. ಈ ಪ್ರಸಂಗದ ಬಗ್ಗೆ ಚಟಾಕಿಗಳಿಗೆ ಲೆಕ್ಕವಿಲ್ಲ. ಮದ್ದು ಮಾತ್ರ ಚಿಕ್ಕದು: ಎಬ್ಬಿಸುವ ಮೊದಲು ಬಾರನ್ನು ಕಣ್ಣಿನ ಮಟ್ಟಕ್ಕೆತ್ತಿ ಪ್ರತಿ ಲೈನನ್ನೂ ಪಟದವರೆಗೆ ಕಣ್ಣಲ್ಲೇ ಓದಿಕೊಂಡು ಹೋಗುವುದು.

ಹೆಬ್ಬೆರಳಿನ ಮಾತಿಗೂ ಅರ್ಥವಿದೆ. ಸವಾರ ಹೆಬ್ಬೆರಳೆತ್ತಿದರೆ 'ಬಿಡು' ಎಂದರ್ಥ. ಪಟ ಹಿಡಿದು ನಿಂತ ಸಹಾಯಕ ಬಿಟ್ಟುಬಿಡುತ್ತಾನೆ. ಎಸೆಯುವುದಿಲ್ಲ, ತಳ್ಳುವುದಿಲ್ಲ, ಕೈ ತೆಗೆಯುತ್ತಾನೆ ಅಷ್ಟೆ. ಹೊಸಬನೊಬ್ಬ ಫೋಟೊ ತೆಗೆಯುತ್ತಿದ್ದ ಹೆಂಡತಿಗೆ 'ಚೆನ್ನಾಗಿದೀನಿ' ಎಂದು ಹೆಬ್ಬೆರಳು ತೋರಿಸಿದರೆ ಮುಂದಿನ ಫೋಟೊದಲ್ಲಿ ಅವನ ಅಂಗಾಲು ಮಾತ್ರ ಕಾಣುತ್ತದೆ. ಇಳಿಸಬೇಕಾದಾಗ ತಲೆಯ ಮೇಲೆ ಅಂಗೈ ತಟ್ಟಿಕೊಳ್ಳುವುದು ಇನ್ನೊಂದು ಸಂಜ್ಞೆ. ಬಿಸಿಲಿಗೆ ತಲೆ ತಟ್ಟಿಕೊಂಡವನ ಕಡೆಗೂ ಯಾರಾದರೂ ಓಡಿಬರಬಹುದು, ಅದರಿಂದ ನಷ್ಟವೇನಿಲ್ಲ.

ಇಷ್ಟರವರೆಗೆ ನಗೆ ತನ್ನ ಕೆಲಸ ಮಾಡಿದೆ. ಸೋಲುವುದು ಎಲ್ಲಿ? ಬಿದ್ದವನನ್ನು ನೋಡಿ ನಗುವಲ್ಲಿ. ಪಟ ಎಳೆದುಕೊಂಡು ಹೋದವರ ವಿಡಿಯೊಗಳನ್ನು ಹಾಸ್ಯದ ತುಣುಕುಗಳಂತೆ ನೋಡುವ ರೂಢಿ ಈ ಆಟದಲ್ಲಿ ಗಟ್ಟಿಯಾಗಿದೆ. ಅವುಗಳಲ್ಲಿ ಬೀಳುವ ಕ್ಷಣ ಇರುತ್ತದೆ, ಬೀಳಲು ಕಾರಣವಾದ ಅದಕ್ಕೂ ಮುಂಚಿನ ಹತ್ತು ನಿಮಿಷ ಇರುವುದಿಲ್ಲ. ಅವನು ಗಾಳಿಯ ದಿಕ್ಕು ನೋಡಿದನೇ, ಗಾಳಿ ಹೋಗುವ ಕಡೆಗೆ ಖಾಲಿ ಜಾಗವಿತ್ತೇ, ರಿಲೀಸ್ ಪರೀಕ್ಷಿಸಿದ್ದನೇ ಎಂಬುದೊಂದೂ ತಿಳಿಯದು. ಇದರ ಜೊತೆಗೆ 'ಎರಡು ಸಲ ಎಳೆಸಿಕೊಳ್ಳದೆ ಯಾರೂ ಕಲಿತಿಲ್ಲ' ಎಂಬ ಗಂಡಸುತನದ ಮಾತು ಸೇರಿದರೆ ಪಾಠ ಪೂರ್ತಿ ತಲೆಕೆಳಗು. ಹಿಡಿದುಕೊಂಡವನೇ ಶೂರ ಎಂದಾಯಿತು.

ಇನ್ನೊಂದು ಕೊರತೆ ಹೆಚ್ಚು ಸೂಕ್ಷ್ಮ. ಈ ಹಾಸ್ಯದಲ್ಲಿ ಇರುವವರು ಇಬ್ಬರೇ, ಹೊಸಬ ಮತ್ತು ಅವನ ಪಟ. ದಂಡೆಯಲ್ಲಿ ಬೇರೆಯವರೂ ಇರುತ್ತಾರೆ. ರಾಮೇಶ್ವರದ ಕಡಲತೀರ ಮೊದಲು ಮೀನುಗಾರರದು: ಬಲೆ ಹರಡಿರುತ್ತದೆ, ದೋಣಿಯ ಹಗ್ಗ ಮರಳಲ್ಲಿ ಹೂತಿರುತ್ತದೆ, ಮಕ್ಕಳು ಓಡಾಡುತ್ತಿರುತ್ತಾರೆ. ಬಿಗಿಯಾದ ಲೈನು ದಾರಿಹೋಕನ ಕುತ್ತಿಗೆಯ ಎತ್ತರಕ್ಕೆ ಬಂದಾಗ ಅದು ನಗುವ ಸಂಗತಿಯಲ್ಲ. ಗಾಳಿ ಹೋಗುವ ಕಡೆಗೆ ಲೈನಿನ ಎರಡು ಪಟ್ಟು ಉದ್ದವಾದರೂ ಜಾಗ ಖಾಲಿಯಿರಲಿ, ಬಲೆಯ ಹತ್ತಿರ ಪಟ ಹರಡಬೇಡ, ಹೊರಡುವ ಮುನ್ನ ಅಲ್ಲಿಯ ದೋಣಿಯವರನ್ನು ಒಂದು ಮಾತು ಕೇಳು ಎಂಬ ಸಲಹೆಗಳು ಚಟಾಕಿಗಳ ಪಟ್ಟಿಯಲ್ಲಿ ಸೇರುವುದೇ ಇಲ್ಲ. ದಡದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಇಳಿಯಬಾರದು ಎಂಬುದಕ್ಕೂ ಒಳ್ಳೆಯ ನಗೆಹನಿಯಿಲ್ಲ. ಹಾಗೆ ಇಳಿದವನು ಹೊರಕಡಲಿಗೆ ತೇಲಿಹೋಗುತ್ತಾನೆ, ಆಗ ಅವನನ್ನು ತರಲು ಹೋಗಬೇಕಾದವರೂ ಆ ದೋಣಿಯವರೇ.

ನಡುನೀರಿನಲ್ಲಿ ಗಾಳಿ ನಿಂತಾಗ ತಾನೇ ಪಾರಾಗಿ ಬರುವ ವಿಧಾನವನ್ನು ಎಲ್ಲ ಶಾಲೆಗಳೂ ಕಲಿಸಬೇಕು. ಲೈನನ್ನು ಬಾರಿಗೆ ಸುತ್ತುತ್ತಾ ಪಟದ ಬಳಿ ಹೋಗಿ, ಅದರ ಗಾಳಿ ತುಂಬಿದ ಕೊಳವೆಯನ್ನೇ ತೆಪ್ಪ ಮಾಡಿಕೊಂಡು ಬರುವುದು. ಒಮ್ಮೆ ಮಾಡಿ ತೋರಿಸಿ ಮುಗಿಸುವವರಿದ್ದಾರೆ, ಅಷ್ಟು ಸಾಲದು.

ಬೋರ್ಡನ್ನು ಕಾಲಿಗೋ ಸೊಂಟಕ್ಕೋ ಹಗ್ಗದಿಂದ ಕಟ್ಟಿಕೊಳ್ಳುವ ಸಲಹೆ ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಪಟ ಸವಾರನನ್ನು ಎಳೆಯುತ್ತದೆ, ನೀರು ಬೋರ್ಡನ್ನು ಹಿಡಿದಿಡುತ್ತದೆ, ಹಗ್ಗ ಬಿಗಿದು ಬೋರ್ಡ್ ನೇರ ತಲೆಗೇ ಚಿಮ್ಮುತ್ತದೆ. ಬೋರ್ಡ್ ಕಳೆದರೆ ಪಟದ ಸಹಾಯದಿಂದ ಮೈ ಎಳೆಸಿಕೊಂಡು ಹೋಗಿ ತರುವುದನ್ನೇ ಮೊದಲು ಕಲಿಸುತ್ತಾರೆ, ಅದು ಸರಿಯಾದ ಕ್ರಮ. ಇಲ್ಲೂ ಕಟ್ಟಿಕೊಳ್ಳುವುದಕ್ಕಿಂತ ಬಿಡುವುದೇ ವಾಸಿ.

ಆಟ ಮುಗಿದ ಮೇಲಿನ ಕೆಲಸಗಳ ಬಗ್ಗೆ ಸಲಹೆಗಳು ಬಡವಾಗಿವೆ, ಪ್ರಾಯಶಃ ಆಗ ಎಲ್ಲರಿಗೂ ಹಸಿವು. ಕೆಳಗಿಳಿಸಿದ ಪಟವನ್ನು ಕೊಳವೆಯ ಕಡೆ ಗಾಳಿಗೆ ಎದುರಾಗಿ ಮಗುಚಿ, ಮೇಲೆ ಮರಳು ಸುರಿಯಬೇಕು. ಭಾರಕ್ಕೆಂದು ಬೋರ್ಡ್ ಇಟ್ಟರೆ ಅದರ ಫಿನ್ ಬಟ್ಟೆಯನ್ನು ಸೀಳಬಹುದು. ಬಿಸಿಲಿನಲ್ಲಿ ಪಟಪಟ ಬಡಿದುಕೊಳ್ಳಲು ಬಿಟ್ಟ ಪಟ ಹಾರಿಸಿದ್ದಕ್ಕಿಂತ ಬೇಗ ಮುಪ್ಪಾಗುತ್ತದೆ. ರಿಲೀಸಿನ ಸಂದಿಯಲ್ಲಿ ಕೂತ ಉಪ್ಪು-ಮರಳನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಬೇಕಾದ ಹೊತ್ತಿಗೆ ಅದು ಬಿಚ್ಚಿಕೊಳ್ಳುವುದಿಲ್ಲ. ಇಷ್ಟು ವರ್ಷಗಳ ಸಂಶೋಧನೆಯನ್ನು ಒಂದು ಚಿಟಿಕೆ ಮರಳು ಸೋಲಿಸುತ್ತದೆ.

ಕೊನೆಯದು ಸೆಕೆಂಡ್‌ಹ್ಯಾಂಡ್ ಸಲಕರಣೆ. ಹೊಸ ಪಟದ ಬೆಲೆ ಕೇಳಿದವರು ಇಲ್ಲಿಗೇ ಬರುತ್ತಾರೆ, ಅದರಲ್ಲಿ ತಪ್ಪಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು 2005ಕ್ಕೂ ಹಿಂದಿನ ಪಟ ಕೊಳ್ಳುವುದು ಮಾತ್ರ ಬೇಡ, ಎಳೆತ ಇಳಿಸುವ ಗುಣ ಅದರಲ್ಲಿ ಹೆಸರಿಗಷ್ಟೇ ಇರುತ್ತದೆ. ನಾಲ್ಕೂ ಲೈನಿನ ತುದಿಗಳನ್ನು ಒಂದೇ ಮೊಳೆಗೆ ಸಿಕ್ಕಿಸಿ ಬಾರ್ ಎಳೆದು ನೋಡಿ. ಉದ್ದ ಸಮ ಇಲ್ಲದಿದ್ದರೆ ಬಾರ್ ಓರೆಯಾಗುತ್ತದೆ. ಬಟ್ಟೆಯ ಹಿಂದಿನ ಅಂಚನ್ನು ಎರಡು ಹೆಬ್ಬೆರಳಿನಿಂದ ಜಗ್ಗಿ, ಹರಿಯುವಂತಿದ್ದರೆ ಅಲ್ಲೇ ಬಿಟ್ಟುಬನ್ನಿ. ರಿಲೀಸನ್ನು ನೀವೇ ತಳ್ಳಿ ನೋಡಿ. ಆಮೇಲೆ ಪಟಕ್ಕೆ ಬಿಗಿಯಾಗಿ, ಬೆರಳಿನಿಂದ ಮೀಟಿದರೆ ಟಣ್ ಎನ್ನುವಷ್ಟು ಗಾಳಿ ತುಂಬಿಸಿ, ಮಾರುವವನ ಜೊತೆ ಹೋಗಿ ನಿಧಾನಕ್ಕೆ ಒಂದು ಟೀ ಕುಡಿದು ಬನ್ನಿ. ಬರುವಷ್ಟರಲ್ಲಿ ಕೊಳವೆ ಮೆತ್ತಗಾಗಿದ್ದರೆ ಟೀ ದುಡ್ಡು ನೀವೇ ಕೊಟ್ಟು ಹೊರಡಿ.