ಜೂಜಿನ ಲೆಕ್ಕದಲ್ಲಿ ಕಾಲ

ಕುಮಾರವ್ಯಾಸಭಾರತದ ಸಭಾಪರ್ವದಲ್ಲಿ ದ್ಯೂತವು ಒಂದಲ್ಲ, ಎರಡು. ದ್ರೌಪದಿಯ ಅಪಮಾನದಿಂದ ಕಲಕಿದ ಓದುಗನ ಮನಸ್ಸು ಮೊದಲನೆಯದರಲ್ಲೇ ನಿಂತುಬಿಡುವುದು ಸಹಜ. ಆದರೆ ಜೂಜುಗಾರನ ಅಂತರಂಗವು ತೆರೆದುಕೊಳ್ಳುವುದು ಎರಡನೆಯದರಲ್ಲಿ. ಸೋತುದೆಲ್ಲವನ್ನೂ ಧೃತರಾಷ್ಟ್ರನು ಹಿಂದಿರುಗಿಸಿದ ಮೇಲೂ ಧರ್ಮರಾಯನು ಮತ್ತೆ ದಾಳಕ್ಕೆ ಕೈನೀಡುತ್ತಾನೆ. ಹಿರಿಯರ ಕರೆಯನ್ನು ಮೀರಲಾರೆನೆಂಬ ಸಮಾಧಾನ ಅವನಿಗುಂಟು; ವಿಮರ್ಶೆ ಅದನ್ನು ಒಪ್ಪಬೇಕಾಗಿಲ್ಲ. ಆಗತಾನೆ ಉಂಡ ಸೋಲು ಅವನ ಲೆಕ್ಕದಿಂದ ಅಳಿಸಿಹೋಗಿದೆ. ಈ ಬಾರಿಯ ಪಣವು ಹೊನ್ನಲ್ಲ. 12 ವರ್ಷಗಳ ವನವಾಸ, 1 ವರ್ಷದ ಅಜ್ಞಾತವಾಸ. ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲವೇ ಇಲ್ಲಿ ಪಣವಾಗಿದೆ.

ವಿನೋದಕ್ಕೆಂದು ಆಡುವವರ ರೀತಿಯೂ ಇದಕ್ಕಿಂತ ಬೇರೆಯಲ್ಲ. ಯುಗಾದಿಯ ಮರುದಿನ, ವರ್ಷತೊಡಕಿನಂದು, ನಮ್ಮ ಅರಸೀಕೆರೆ ಸೀಮೆಯ ಕಣಕಟ್ಟೆಯಂಥ ಊರುಗಳಲ್ಲಿ ಇಸ್ಪೀಟಿಗೆ ಕುಳಿತವರ ಮಾತನ್ನು ಆಲಿಸಿರಿ. ಗೆದ್ದ ವರ್ಷ ಯಾವುದೆಂದು ಎಲ್ಲರಿಗೂ ನೆನಪಿದೆ. ಸೋತ ವರ್ಷಗಳಿಗೆ ಹೆಸರಿಲ್ಲ. ಗೆಲುವು ಕೈಸೇರಿದ ಸಂಪಾದನೆ, ಸೋಲು ಮಾತ್ರ ನಾಳೆ ಬರತಕ್ಕ ಬಾಕಿ! ಇಂಥ ಲೆಕ್ಕವು ಮುಗಿಯುವುದೆಂತು?

ಸಪ್ತವ್ಯಸನಗಳಲ್ಲಿ ಜೂಜನ್ನು ಮೊದಲಿಗೆ ಎಣಿಸಿರುವುದು ಧನಹಾನಿಯ ಭಯದಿಂದಷ್ಟೇ ಅಲ್ಲವೆಂದು ತೋರುತ್ತದೆ. ಕಳೆದ ದಿನವನ್ನು ಹಿಂದಿರುಗಿ ನೋಡಿ ದೋಷವನ್ನು ದೋಷವೆಂದು ಒಪ್ಪಿಕೊಳ್ಳುವುದೇ ಪ್ರತಿಕ್ರಮಣ. ಜೂಜು ಕಸಿದುಕೊಳ್ಳುವುದು ಆ ಹಿನ್ನೋಟವನ್ನೇ. ಹೋದ ಹಣವನ್ನು ದುಡಿದು ಪಡೆಯಬಹುದು. ಹೋದ 13 ವರ್ಷಗಳನ್ನು ಧರ್ಮರಾಯನಿಗೆ ಯಾವ ಯುದ್ಧವೂ ಗೆದ್ದುಕೊಡಲಿಲ್ಲ.